ಚಳಿಗಾಲದ ಒಣ ಚರ್ಮಕ್ಕೆ ಮನೆ ಮದ್ದು: ಏನು ಹಚ್ಚಬೇಕು, ಎಷ್ಟು, ಯಾವಾಗ?

ಕೆಂಪುಕಾಯಿ_ಸಿಂಧನೂರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸಿಂಧನೂರು ಕಡೆ ಈಗ ಬೆಳಿಗ್ಗೆ ಚಳಿ, ಮಧ್ಯಾಹ್ನ ಬಿಸಿಲು. ಮನೆಯಲ್ಲಿ ಎಲ್ಲರ ಮೊಣಕಾಲು, ಮೊಣಕೈ ಬೂದಿ ಬಳಿದಂಗೆ ಬೆಳ್ಳಗಾಗಿವೆ, ಉಗುರು ಎಳೆದರೆ ಗೆರೆ ಬೀಳುತ್ತದೆ. ಸ್ನಾನಕ್ಕೆ ಬೋರಿನ ಸವಳು ನೀರು. ಅವ್ವನಿಗೆ 58 ವರ್ಷ, ಸಕ್ಕರೆ ಕಾಯಿಲೆ ಇದೆ, ಹಿಮ್ಮಡಿ ಬಿರಿದಿದೆ. 1 ವರ್ಷದ ಮಗುವಿಗೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಹಾಕಿ ಕಾಯಿಸಿ ಹಚ್ಚುತ್ತಿದ್ದೇವೆ. ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವವರ ಕೈ ಒಡೆದು ಉರಿಯೋ ಉರಿ.

ಕೇಳಬೇಕಾದದ್ದು ಮೂರು. ಲೋಳೆಸರ ಹಚ್ಚಿದರೆ ಅರ್ಧ ಗಂಟೆಗೆ ಚರ್ಮ ಇನ್ನೂ ಬಿಗಿಯುತ್ತದಲ್ಲ, ಯಾಕೆ? ದೀಪಾವಳಿಯ ಚೆಂಡು ಹೂವು ಒಣಗಿಸಿ ಇಟ್ಟಿದ್ದೇವೆ, ಎಲ್ಲರೂ ಹೇಳುವ ಕ್ಯಾಲೆಂಡುಲಾ ಎಣ್ಣೆಯನ್ನು ಇದರಿಂದ ಮಾಡಬಹುದಾ? ಹಿಮ್ಮಡಿಗೆ ಮನೆಯಲ್ಲೇ ಮುಲಾಮು ಮಾಡಲು ಸರಿಯಾದ ಅಳತೆ ಯಾರಿಗಾದರೂ ಗೊತ್ತಾ?

---

ಗಾಣದೆಣ್ಣೆ_ಕೊಪ್ಪಳ ಉತ್ತರ:

ಬೇರು, ಎಲೆ ಆಮೇಲೆ. ಮೊದಲು ನೀರಿನ ಲೆಕ್ಕ.

15 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ 13 ಗ್ರಾಂ ನೀರಾವಿ ಹಿಡಿಯುತ್ತದೆ. ಅದೇ ಗಾಳಿ ಮಧ್ಯಾಹ್ನ 30 ಡಿಗ್ರಿಗೆ ಏರಿದಾಗ 30 ಗ್ರಾಂ ಹಿಡಿಯಬಲ್ಲದು, ಆದರೆ ಒಳಗಿರುವುದು ಬೆಳಗಿನ ಆ 13 ಗ್ರಾಂ ಮಾತ್ರ. ಬೆಳಿಗ್ಗೆ ಇಬ್ಬನಿ ಬಿದ್ದಿದ್ದರೂ ಮಧ್ಯಾಹ್ನದ ಹೊತ್ತಿಗೆ ತೇವ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಬಾಕಿ ನೀರನ್ನು ಅದು ಎರೆ ಹೊಲದಿಂದಲೂ ಎಳೆಯುತ್ತದೆ, ನಮ್ಮ ಚರ್ಮದಿಂದಲೂ ಎಳೆಯುತ್ತದೆ. ನಮ್ಮ ಕಡೆ ಚರ್ಮ ಬಿರಿಯುವುದು ಚಳಿಗಿಂತ ಈ ಒಣ ಹಗಲಿಗೇ ಹೆಚ್ಚು.

ಎಣ್ಣೆಯಲ್ಲಿ ನೀರಿಲ್ಲ. ಇರುವ ನೀರು ಹಾರಿ ಹೋಗದಂತೆ ಮುಚ್ಚಳ ಹಾಕುವುದಷ್ಟೇ ಅದರ ಕೆಲಸ. ಒಣ ಮೈಗೆ ಎಣ್ಣೆ ಸವರಿದರೆ ಹೊಳಪು ಬರುತ್ತದೆ, ಬಿಗಿತ ಹೋಗುವುದಿಲ್ಲ. ಸ್ನಾನ ಮುಗಿದ ಮೇಲೆ ಟವೆಲ್ ಒತ್ತಿ ಒರೆಸಿ, ತಿಕ್ಕಬೇಡಿ. ಮೈ ಇನ್ನೂ ತೇವವಿರುವಾಗ, ಎರಡು ಮೂರು ನಿಮಿಷದೊಳಗೆ ಎಣ್ಣೆ ಹಚ್ಚಿ. ದೊಡ್ಡವರ ಇಡೀ ಮೈಗೆ 2-3 ಟೀ ಚಮಚ ಸಾಕು. ಅಂಗಿಗೆ ಅಂಟುವಷ್ಟು ಸುರಿದರೆ ಬಟ್ಟೆಯ ಮೇಲೆ ಧೂಳು ಕೂರುತ್ತದೆ. ಗಣಿ, ಕಾರ್ಖಾನೆ ಧೂಳಿನ ನಡುವೆ ಇರುವ ಸಂಡೂರು, ತೋರಣಗಲ್ಲು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಾವ ಎಣ್ಣೆ ಅಂದರೆ, ನನ್ನ ಮಟ್ಟಿಗೆ ಮೊದಲು ಕುಸುಬಿ. ಅದರಲ್ಲಿ ಲಿನೋಲಿಕ್ ಆಮ್ಲ ಹೆಚ್ಚು, ಚರ್ಮದ ಮೇಲ್ಪದರಕ್ಕೆ ಬೇಕಾದ ಕೊಬ್ಬು ಅದೇ. ಮೈಯಲ್ಲಿ ಬೇಗ ಇಳಿಯುತ್ತದೆ. ತೊಂದರೆ ಏನೆಂದರೆ ಬೇಗ ಕಮಟು ಹಿಡಿಯುತ್ತದೆ, ಕಾಲು ಲೀಟರಿಗಿಂತ ಹೆಚ್ಚು ತರಬೇಡಿ. ಎಳ್ಳೆಣ್ಣೆ ತಿಂಗಳುಗಟ್ಟಲೆ ಬಾಳುತ್ತದೆ, ಕಾಯಿಸಿ ಮದ್ದು ಮಾಡಲು ಅದೇ ಸರಿ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಕೆಟ್ಟಿದೆ ಅಂದುಕೊಳ್ಳಬೇಡಿ, ಅಂಗೈಯಲ್ಲಿ ಉಜ್ಜಿದರೆ ಕರಗುತ್ತದೆ. ಔಡಲ ಎಣ್ಣೆ ಹಿಮ್ಮಡಿ, ಮೊಣಕೈಗೆ ಮಾತ್ರ. ಆಲಿವ್, ಸಾಸಿವೆ ಎಣ್ಣೆ ಮಕ್ಕಳಿಗೆ ಬೇಡ. ಆಲಿವ್ ಎಣ್ಣೆಯಲ್ಲಿ ಹೆಚ್ಚಿರುವ ಓಲಿಕ್ ಆಮ್ಲ ಮೇಲ್ಪದರವನ್ನು ಸಡಿಲ ಮಾಡುತ್ತದೆ, ಸಾಸಿವೆಯ ಖಾರ ಚರ್ಮ ಕೆರಳಿಸುತ್ತದೆ.

ಗಾಣದಿಂದ ಆಗತಾನೇ ತಂದ ಎಣ್ಣೆಯನ್ನು ಮೂರು ನಾಲ್ಕು ದಿನ ಅಲುಗಾಡಿಸದೆ ಇಟ್ಟು, ಮಡ್ಡಿ ತಳಕ್ಕೆ ಕೂತ ಮೇಲೆ ಮೇಲಿನದನ್ನು ಸೋಸಿ. ಮಡ್ಡಿ ಉಳಿದರೆ ವಾಸನೆ ಬರುವುದು ಅಲ್ಲಿಂದಲೇ.

ಇನ್ನು ಸವಳು ನೀರು. ಅದರಲ್ಲಿರುವ ಸುಣ್ಣದ ಅಂಶ ಸಾಬೂನಿನ ಜೊತೆ ಸೇರಿ ಬಿಳಿ ಜಿಡ್ಡಾಗಿ ಮೈಗೆ ಅಂಟುತ್ತದೆ. ನೀವು ಬೂದಿ ಅಂದಿದ್ದರಲ್ಲಿ ಒಂದಿಷ್ಟು ಇದೂ ಇರಬಹುದು. ಹಂಡೆಯ ನೀರು ಒಮ್ಮೆ ಕುದಿ ಬಂದರೆ ಸ್ವಲ್ಪ ಸುಣ್ಣ ತಳ ಹಿಡಿಯುತ್ತದೆ. ಆರಿಸಿ ಮೇಲಿನ ನೀರು ತೆಗೆದುಕೊಳ್ಳಿ. ನಲ್ಲಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ನೀರು ಬರುವ ದಿನ ಎರಡು ಕೊಡ ಹಿಡಿದಿಟ್ಟು, ಕೊನೆಯ ಎರಡು ತಂಬಿಗೆಗೆ ಅದನ್ನೇ ಬಳಸಿ. ನೀರು ಉಗುರುಬೆಚ್ಚಗಿರಲಿ, ಹತ್ತು ನಿಮಿಷದೊಳಗೆ ಮುಗಿಸಿ. ಹೊಗೆಯಾಡುವ ನೀರಿನಲ್ಲಿ ಮೈಯ ಸ್ವಂತ ಜಿಡ್ಡೂ ತೊಳೆದು ಹೋಗುತ್ತದೆ.

---

ಮದ್ದಿನಬೇರು ಉತ್ತರ:

ಲೋಳೆಸರದ ಪ್ರಶ್ನೆಗೆ. ತಿರುಳಿನಲ್ಲಿ ನೂರಕ್ಕೆ 98-99 ಪಾಲು ನೀರು. ನೀರು ಹಾರಿ ಹೋದ ಮೇಲೆ ಉಳಿದ ಲೋಳೆ ತೆಳು ಪೊರೆಯಾಗಿ ಒಣಗಿ ಕುಗ್ಗುತ್ತದೆ, ಬಿಗಿತ ಅದರದ್ದು. ಲೋಳೆಸರ ಹಚ್ಚಿ ಒಂದು ನಿಮಿಷಕ್ಕೆ, ಇನ್ನೂ ಹಸಿ ಇರುವಾಗಲೇ ಮೇಲೆ ಎಣ್ಣೆ ಸವರಿ. ಎಲೆ ಕತ್ತರಿಸಿದ ಕೂಡಲೇ ಬಳಸಬೇಡಿ. ಕೊಯ್ದ ತುದಿ ಕೆಳಗೆ ಮಾಡಿ 15 ನಿಮಿಷ ಲೋಟದಲ್ಲಿ ನಿಲ್ಲಿಸಿದರೆ ಹಳದಿ ರಸ ಇಳಿಯುತ್ತದೆ. ಕೆರೆತ ತರುವುದು ಆ ಹಳದಿ ರಸ. ತೊಳೆದು, ಸಿಪ್ಪೆ ಹೆರೆದು, ತಿರುಳು ಮಾತ್ರ ತೆಗೆಯಿರಿ. ಫ್ರಿಜ್‌ನಲ್ಲಿ ಮೂರು ದಿನ, ಹೊರಗೆ ಅವತ್ತಿಗಷ್ಟೇ.

ಚೆಂಡು ಹೂವು ಬೇಡ. ಕ್ಯಾಲೆಂಡುಲಾ ಬೇರೆಯೇ ಗಿಡ, ನಮ್ಮ ಹಬ್ಬದ ಚೆಂಡು ಹೂವು ಟ್ಯಾಜೆಟಿಸ್ ಕುಲದ್ದು. ಇದರ ಸಾರ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಕೆಂಪಾಗಬಹುದು. ಮೇಲಾಗಿ ಮಾರುಕಟ್ಟೆ ಹೂವಿಗೆ ಏನೇನು ಸಿಂಪಡಿಸಿದ್ದಾರೋ. ಒಣಗಿದ್ದನ್ನು ಗೊಬ್ಬರಕ್ಕೆ ಹಾಕಿ.

ಗಿಡಮೂಲಿಕೆಯೇ ಬೇಕೆಂದರೆ ಜ್ಯೇಷ್ಠಮಧು. ತುರಿಕೆ, ಕೆಂಪು ತಗ್ಗಿಸುತ್ತದೆ. ಒಣಗುವುದನ್ನು ತಡೆಯುವುದು ಎಣ್ಣೆಯೇ, ಬೇರಿನಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ. ಅಳತೆ ಹಳೆಯದು: ಕಲ್ಕ (ನೀರಲ್ಲಿ ಕಲಸಿದ ಮೂಲಿಕೆಯ ಮುದ್ದೆ) 1, ಎಣ್ಣೆ 4, ನೀರು 16. ಜ್ಯೇಷ್ಠಮಧು ಪುಡಿ 25 ಗ್ರಾಂ ಅನ್ನು ನೀರಲ್ಲಿ ಕಲಸಿ ಚಟ್ನಿಯ ಹದಕ್ಕೆ ತನ್ನಿ. ಎಳ್ಳೆಣ್ಣೆ 100 ಮಿಲಿ, ನೀರು 400 ಮಿಲಿ. ಪಾತ್ರೆ ಒಂದೂವರೆ ಲೀಟರಿನದು ಇರಲಿ, ಕೊನೆಗೆ ನೊರೆ ಉಕ್ಕುತ್ತದೆ. ಸಣ್ಣ ಉರಿಯಲ್ಲಿ ಎರಡು ಗಂಟೆಯ ಹತ್ತಿರ ಹಿಡಿಯುತ್ತದೆ. ಕಲ್ಕ ತಳ ಹಿಡಿದು ಸೀಯದಂತೆ ಕೈಯಾಡಿಸುತ್ತಿರಿ.

ಹದ ನೋಡುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಕಲ್ಕವನ್ನು ಚಮಚದಲ್ಲಿ ತೆಗೆದು, ಆರಿದ ಮೇಲೆ ಬೆರಳ ನಡುವೆ ಹೊಸೆದರೆ ಬತ್ತಿಯಾಗಬೇಕು. ಆ ಬತ್ತಿಯನ್ನು ಉರಿಗೆ ಹಿಡಿದರೆ ಚಟಪಟ ಅನ್ನಬಾರದು. ಚಟಪಟ ಅಂದರೆ ನೀರು ಉಳಿದಿದೆ, ಅಂಥ ಎಣ್ಣೆ ಬೇಗ ಬೂಸ್ಟು ಹಿಡಿಯುತ್ತದೆ. ಎಣ್ಣೆಯಲ್ಲಿ ಹದ ಬಂದಾಗ ನೊರೆ ಏಳುತ್ತದೆ, ತುಪ್ಪದಲ್ಲಾದರೆ ನೊರೆ ಇಳಿಯುತ್ತದೆ. ಬತ್ತಿ ಆಗದೆ ಪುಡಿಪುಡಿಯಾದರೆ ಕರಕಲಾಯಿತು, ಅದು ಹಚ್ಚಲು ಬಾರದು. ಬೆಚ್ಚಗಿರುವಾಗಲೇ ಬಟ್ಟೆಯಲ್ಲಿ ಸೋಸಿ, ಹಿಂಡಿ, ಪೂರ್ತಿ ಒಣಗಿದ ಗಾಜಿನ ಬಾಟಲಿಗೆ ತುಂಬಿ.

ಮೊದಲ ಸಲ ಏನೇ ಹಚ್ಚುವುದಿದ್ದರೂ ಮೊಣಕೈ ಒಳಮಡಿಕೆಗೆ ಸ್ವಲ್ಪ ಸವರಿ ಎರಡು ದಿನ ನೋಡಿ.

ಸಾಬೂನಿನ ಬದಲು: ಹೆಸರು ಹಿಟ್ಟು 2 ಪಾಲು, ಕಡಲೆ ಹಿಟ್ಟು 1 ಪಾಲು, ಹಾಲಿನ ಕೆನೆಯಲ್ಲಿ ಕಲಸಿ. ಬರೀ ನೀರಲ್ಲಿ ಕಲಸಿದರೆ ಹಿಟ್ಟೂ ಜಿಡ್ಡು ಎಳೆಯುತ್ತದೆ. ಸೀಗೆಪುಡಿ ಇದರಲ್ಲಿ ಬೆರೆಸಬೇಡಿ, ಅದು ತಲೆಗೆ ಸರಿ, ಒಣ ಮೈಗೆ ಅಲ್ಲ. ನಿಂಬೆರಸವಂತೂ ಬೇಡವೇ ಬೇಡ, ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ.

---

ಹಗರಿ_ದಂಡೆ ಉತ್ತರ:

ಮೊದಲು ಮಗುವಿನ ವಿಷಯ. ಕರ್ಪೂರ ಇವತ್ತೇ ನಿಲ್ಲಿಸಿ. ಅದು ಚರ್ಮದ ಮೂಲಕವೂ ಮೈಗೆ ಸೇರುತ್ತದೆ, ಎಳೆ ಮಕ್ಕಳಿಗೆ ಫಿಟ್ಸ್ ಬರಿಸಬಲ್ಲದು. ಎರಡು ವರ್ಷದೊಳಗಿನವರಿಗೆ ಹಚ್ಚಲೇಬಾರದು, ದೊಡ್ಡ ಮಕ್ಕಳ ಕೈಗೂ ಬಾಟಲಿ ಸಿಗಬಾರದು. ಬೇವಿನೆಣ್ಣೆ ಹೊಟ್ಟೆಗೆ ಹೋದರೂ ಅಷ್ಟೇ ಅಪಾಯ. ಬರೀ ಕೊಬ್ಬರಿ ಎಣ್ಣೆ ಸಾಕು.

ಅವ್ವನವರ ಹಿಮ್ಮಡಿ. ಸಕ್ಕರೆ ಕಾಯಿಲೆಯಲ್ಲಿ ಪಾದಕ್ಕೆ ಬಿಸಿ ಸರಿಯಾಗಿ ತಿಳಿಯದೆ ಇರಬಹುದು, ಹಾಗಾಗಿ ಪಾದ ನೆನೆಸುವ ನೀರಿನ ಬಿಸಿಯನ್ನು ಬೇರೆಯವರು ಮೊಣಕೈ ಅದ್ದಿ ನೋಡಬೇಕು. 5 ನಿಮಿಷ ಸಾಕು, ಬೆರಳ ಸಂದು ಒಣಗಿಸಿ. ಉಪ್ಪು ಬೇಡ, ಬ್ಲೇಡು ಬೇಡ, ಇವರಿಗೆ ಉಜ್ಜುವ ಕಲ್ಲೂ ಬೇಡ. ಸಂದಿಗೆ ಎಣ್ಣೆ ಹಚ್ಚಬೇಡಿ, ಅಲ್ಲಿ ತೇವ ನಿಂತರೆ ಕೊಳೆಯುತ್ತದೆ. ಬಿರುಕಿನಲ್ಲಿ ರಕ್ತ, ಕೀವು, ಊತ, ವಾಸನೆ ಏನಿದ್ದರೂ ಮನೆ ಮದ್ದು ಬಿಟ್ಟು ಆಸ್ಪತ್ರೆ.

ಮುಲಾಮು: ಎಳ್ಳೆಣ್ಣೆ 80 ಗ್ರಾಂ, ಜೇನುಮೇಣ 20 ಗ್ರಾಂ. ಎರಡನ್ನೂ ತಕ್ಕಡಿಯಲ್ಲೇ ತೂಗಿ, ಚಮಚದ ಲೆಕ್ಕ ಬೇಡ. ಮೇಣ ತುರಿದು ಹಾಕಿ, ಪಾತ್ರೆಯನ್ನು ಬಿಸಿ ನೀರಿನ ಇನ್ನೊಂದು ಪಾತ್ರೆಯೊಳಗೆ ಇಟ್ಟು ಕರಗಿಸಿ. ನೇರ ಉರಿ ಬೇಡ, ಜೇನುಮೇಣ 62-64 ಡಿಗ್ರಿಗೇ ಕರಗುತ್ತದೆ. ಇಳಿಸಿ, ಹಾಲಿನಂತೆ ಮಸುಕಾಗುವವರೆಗೆ ತಿರುವಿ ಡಬ್ಬಿಗೆ ಸುರಿಯಿರಿ. ತಿರುವದೆ ಬಿಟ್ಟರೆ ರವೆ ರವೆ ಆಗುತ್ತದೆ. ಒಂದು ಹನಿ ನೀರು ಬಿದ್ದರೂ ಬೂಸ್ಟು. ಮೇಣ ಅಸಲಿಯೋ ಎಂದು ನೋಡಲು ಅಂಗೈಯಲ್ಲಿ ಮಿದಿಯಿರಿ: ಜೇನಿನ ವಾಸನೆ ಬಂದು ಮೆತ್ತಗಾದರೆ ಸರಿ, ಪುಡಿಯಾಗಿ ಉದುರಿದರೆ ಮೇಣದಬತ್ತಿಯ ಮಾಲು.

ರಾತ್ರಿ ಪಾದ ಒರೆಸಿ ತೇವವಿರುವಾಗ ಕಡಲೆ ಗಾತ್ರದಷ್ಟನ್ನು ಒಂದೊಂದು ಹಿಮ್ಮಡಿಗೆ ತಿಕ್ಕಿ, ಹತ್ತಿ ಕಾಲುಚೀಲ ಹಾಕಿ. ಅರಿಶಿಣ ಸೇರಿಸುವವರಿದ್ದಾರೆ, 100 ಗ್ರಾಂಗೆ ಅರ್ಧ ಟೀ ಚಮಚ ಮೀರಬೇಡಿ, ಹಾಸಿಗೆಯ ಕಲೆ ಹೋಗುವುದಿಲ್ಲ. ತೆರೆದ ಬಿರುಕಿಗೆ ಅರಿಶಿಣ ತುಂಬಬಾರದು.

ಎಲ್ಲ ಒಣ ಚರ್ಮವೂ ಚಳಿಯದ್ದಲ್ಲ. ರಾತ್ರಿ ಮನೆಮಂದಿಗೆಲ್ಲ ತುರಿಕೆ, ಬೆರಳ ಸಂದಿನಲ್ಲಿ ಗುಳ್ಳೆ ಇದ್ದರೆ ಅದು ಕಜ್ಜಿ, ಎಣ್ಣೆಯಿಂದ ಹೋಗುವುದಿಲ್ಲ. ಎಲ್ಲರಿಗೂ ಒಟ್ಟಿಗೆ ಔಷಧ ಆಗಬೇಕು. ಸುತ್ತಲಿಗಿಂತ ತಿಳಿ ಬಣ್ಣದ ಮಚ್ಚೆ, ಮುಟ್ಟಿದರೆ ತಿಳಿಯದಿದ್ದರೆ ಕುಷ್ಠ ಇರಬಹುದು, ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, ಪೂರ್ತಿ ವಾಸಿಯಾಗುತ್ತದೆ. ಎರಡು ವಾರ ಸರಿಯಾಗಿ ಎಣ್ಣೆ ಹಚ್ಚಿಯೂ ಕಡಿಮೆಯಾಗದಿದ್ದರೆ ರಾಯಚೂರು ರಿಮ್ಸ್ ಆಸ್ಪತ್ರೆಯಲ್ಲಿ ಚರ್ಮದ ವೈದ್ಯರಿಗೆ ತೋರಿಸಿ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಸ್ಟಿರಾಯ್ಡ್ ಮುಲಾಮು ತರಬೇಡಿ, ಹೆಚ್ಚು ದಿನ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ.

---

ಎರೆಹೊಲ_ಸಿರುಗುಪ್ಪ ಉತ್ತರ:

ಮೆಣಸಿನಕಾಯಿ ಕೈ ಬಗ್ಗೆ ಯಾರೂ ಹೇಳಲಿಲ್ಲ. ಅಣ್ಣಾರ, ಖಾರ ನೀರಾಗ ಕರಗಲ್ಲ, ಎಣ್ಣ್ಯಾಗ ಕರಗತೈತಿ. ಬಿಡಸಾಕ ಹೋಗೂಕಿಂತ ಮೊದ್ಲ ಕೈಗೆ ತೆಳ್ಳಗ ಔಡಲ ಎಣ್ಣಿ ಸವರಿ, ಮ್ಯಾಲ ಕೈಗವಸು ಹಾಕ್ಕೋರಿ. ರಬ್ಬರಿಂದಾದ್ರ ಒಳಗ ಹತ್ತಿದ್ದು ಒಂದು ಇರಲಿ, ಬೆವರು ಹೀರತೈತಿ. ಒಡದ ಬೆರಳಿಗೆ ಮೊದ್ಲ ಬಟ್ಟಿ ಪಟ್ಟಿ ಸುತ್ತ್ರಿ.

ಕೆಲಸ ಮುಗದ ಮ್ಯಾಲ ಸೀದಾ ನೀರಿಗೆ ಕೈ ಹಾಕಬ್ಯಾಡ್ರಿ, ಉರಿ ಹರಡತೈತಿ. ಒಂದು ಚಮಚ ಶೇಂಗಾ ಎಣ್ಣಿ ಕೈಗೆ ತಿಕ್ಕಿ, ಹಳೆ ಬಟ್ಟೀಲೆ ಒರಸ್ರಿ. ಇನ್ನೊಮ್ಮಿ ಹಂಗ ಮಾಡ್ರಿ. ಆಮ್ಯಾಲ ಸಾಬೂನು, ಕಡೀಕ ನೀರು. ಬಿಸಿನೀರು ಬ್ಯಾಡ. ಆ ಒರಸಿದ ಬಟ್ಟಿ ಮಕ್ಕಳ ಕೈಗೆ ಸಿಗಬಾರದು. ಅವತ್ತು ರಾತ್ರಿ ಮುಲಾಮು ಹಚ್ಚೂ ಮುಂದ ಉಗುರಿನ ಸಂದ್ಯಾಗ ಖಾರ ಉಳದೈತೇನು ನೋಡ್ರಿ, ಇಲ್ಲಾಂದ್ರ ಡಬ್ಬಿ ತುಂಬ ಖಾರ ಆಗತೈತಿ.

---

ಕೆಂಪುಕಾಯಿ_ಸಿಂಧನೂರು:

ಕರ್ಪೂರ ಎತ್ತಿಟ್ಟೆವು. ಇನ್ನೊಂದೇ ಪ್ರಶ್ನೆ. ಈ ಮುಲಾಮು ಏಪ್ರಿಲ್‌ವರೆಗೆ ಇಟ್ಟರೆ ಬಿಸಿಲಿಗೆ ಕರಗಿ ಹೋಗುತ್ತದಾ?

---

ಹಗರಿ_ದಂಡೆ:

40 ಡಿಗ್ರಿಗೆ ಕರಗಲ್ಲ, ಮೆತ್ತಗಾಗುತ್ತದೆ. ಬೇಸಿಗೆಗೆ ಮಾಡುವುದಾದರೆ ಎಣ್ಣೆ 75, ಮೇಣ 25 ಹಾಕಿ. ಈಗಿನ ಚಳಿಗೆ ಆ ಅಳತೆ ಗಟ್ಟಿ, ಬಿರಿದ ಹಿಮ್ಮಡಿಗೆ ಒತ್ತಿ ತಿಕ್ಕಬೇಕಾಗುತ್ತದೆ. ಕಮಟು ವಾಸನೆ ಬಂದ ದಿನ ಡಬ್ಬಿ ಬಿಸಾಡಿ, ಮತ್ತೆ ಕರಗಿಸಿದರೂ ಅದು ಹೋಗುವುದಿಲ್ಲ.