ಅಜ್ಜಿಯ ಕಣ್ಣಿಗೆ ಜೇನುತುಪ್ಪ ಬೇಡ ದೊಡ್ಡಪ್ಪ

(ಗುಂಪು: ಅರಕಲಗೂಡು ಮನೆ)

ದೊಡ್ಡಪ್ಪ: ಈ ವಿಡಿಯೋ ಎಲ್ಲರೂ ನೋಡಿ. ಆಪರೇಷನ್ ಇಲ್ಲದೆ ಪೊರೆ ಕರಗುತ್ತದಂತೆ. ಜೇನುತುಪ್ಪ, ಈರುಳ್ಳಿ ರಸ ಬೆರೆಸಿ ಎರಡೇ ಹನಿ. ಅಮ್ಮನಿಗೆ ನಾಳೆಯಿಂದ ಹಾಕೋಣ ಅಂತ.

ಅರಸೀಕೆರೆ ಅತ್ತೆ: ಒಳ್ಳೇದಾಯ್ತು ಅಣ್ಣ. ಸಕಲೇಶಪುರದ ಕಾಡುಜೇನು ನಮ್ಮಲ್ಲಿದೆ, ಕಳಿಸುತ್ತೇನೆ.

ನಾನು: ದೊಡ್ಡಪ್ಪ, ದಯವಿಟ್ಟು ಹಾಕಬೇಡಿ. ಸೋಂಕಾದರೆ ಇರುವ ದೃಷ್ಟಿಯೂ ಹೋಗಬಹುದು. ಪೊರೆ ಕರಗಿಸುವ ಹನಿ ಯಾವ ಕಣ್ಣಿನ ಡಾಕ್ಟರ ಹತ್ತಿರವೂ ಇಲ್ಲ.

ದೊಡ್ಡಪ್ಪ: ಮೇಲೆ ಕಟ್ಟಿದ ಪೊರೆ ತಾನೇ ಪುಟ್ಟಿ? ರಸ ಬಿದ್ದರೆ ಬಿಟ್ಟುಕೊಳ್ಳುತ್ತದೆ.

ನಾನು: ಪೊರೆ ಅಂದ ತಕ್ಷಣ ನಮಗೆ ಹಾವಿನ ಪೊರೆ ನೆನಪಾಗುತ್ತದೆ, ಅಲ್ವಾ? ಇದು ಮೇಲೆ ಬೆಳೆಯುವುದೇ ಅಲ್ಲ. ಕಪ್ಪು ಗುಡ್ಡೆಯ ಹಿಂದೆ ತಿಳಿನೀರಿನಂಥ ಮಸೂರ ಇದೆ. ವಯಸ್ಸಾದಂತೆ ಅದರೊಳಗಿನ ಪ್ರೋಟೀನ್ ಗಂಟುಕಟ್ಟಿ ಮಸೂರವೇ ಮಬ್ಬಾಗುತ್ತದೆ. ಮೊಟ್ಟೆಯ ಲೋಳೆ ಬೆಂದು ಬೆಳ್ಳಗಾದ ಹಾಗೆ. ಬೆಂದದ್ದನ್ನು ಮತ್ತೆ ಹಸಿ ಮಾಡಲು ಆಗುತ್ತಾ? ಶುಗರ್ ಇದ್ದವರಿಗೆ ಇನ್ನೂ ಬೇಗ. ಅಜ್ಜಿಗೆ ಶುಗರ್ ಇದೆ.

ದೊಡ್ಡಪ್ಪ: ಹಾಗಾದರೆ ಪೂರ್ತಿ ಬಲಿಯಲಿ, ಆಮೇಲೆ ತೆಗೆಸೋಣ. ನಮ್ಮಜ್ಜನಿಗೆ ಡಾ. ಎಂ.ಸಿ. ಮೋದಿಯವರ ಕಣ್ಣಿನ ಶಿಬಿರದಲ್ಲಿ ಬಲಿತ ಮೇಲೇ ತೆಗೆದದ್ದು.

ನಾನು: ಆಗ ಅದೇ ಸರಿ. ಮಸೂರ ತೆಗೆದು ಸುಮ್ನೆ ಬಿಡುತ್ತಿದ್ದರು, ಅದಕ್ಕೇ ಮುತ್ತಜ್ಜನಿಗೆ ಸೋಡಾ ಬಾಟಲಿ ತಳದಂಥ ಕನ್ನಡಕ. ಒಳಗೆ ಕೃತಕ ಮಸೂರ ಕೂರಿಸುವುದನ್ನು ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲೆ 1949ರಲ್ಲೇ ಮಾಡಿ ತೋರಿಸಿದ್ದರು. ನಮ್ಮೂರಿನ ಮುದುಕರಿಗೆ ಸಿಗುವಷ್ಟರಲ್ಲಿ ಎಷ್ಟೋ ವರ್ಷ ಕಳೆಯಿತು. ಈಗ ಸುಮಾರು 3 ಮಿಲಿಮೀಟರ್ ಸೀಳಿನಲ್ಲೇ ಮಬ್ಬು ಮಸೂರವನ್ನು ಪುಡಿ ಮಾಡಿ ಹೀರಿ ತೆಗೆಯುತ್ತಾರೆ. ಬಲಿತಷ್ಟೂ ಗಟ್ಟಿ, ಕೆಲಸ ಕಷ್ಟ. ತೀರಾ ಬಿಟ್ಟರೆ ಕಣ್ಣಿನ ಒತ್ತಡ ಏರಿ ನರಕ್ಕೇ ಪೆಟ್ಟು ಬೀಳಬಹುದು.

ಬೇಲೂರು ಚಿಕ್ಕಪ್ಪ: ಹೋದವರಿಗೆಲ್ಲ ಆಪರೇಷನ್ ಅನ್ನುತ್ತಾರೆ. ಎಲ್ಲ ದುಡ್ಡಿಗೆ.

ನಾನು: ಪೊರೆ ಇದೆ ಅಂದವರಿಗೆಲ್ಲ ಬೇಕಿಲ್ಲ ಚಿಕ್ಕಪ್ಪ, ಅದು ನಿಜ. ಶುರುವಿನಲ್ಲಿ ಕನ್ನಡಕ ಬದಲಾಯಿಸಿದರೆ ನಡೆಯುತ್ತದೆ. ದಿನದ ಕೆಲಸಕ್ಕೆ ಅಡ್ಡಿಯಾದಾಗ ಮಾಡಿಸಬೇಕು. ಅಜ್ಜಿಗೆ ಅಡ್ಡಿಯಾಗಿದೆ. ಮೊನ್ನೆ ಸಂಜೆ ಜಗಲಿಯಲ್ಲಿ ಅವರ ಜೊತೆ ಅವರೆಕಾಯಿ ಸುಲಿಯುತ್ತಿದ್ದೆ. ಹುಳ ಹಿಡಿದ ಕಾಳೆಲ್ಲ ಬಟ್ಟಲಿಗೇ ಬೀಳುತ್ತಿತ್ತು. ಒಂದೊಂದೇ ಕಾಳನ್ನು ಹೆಬ್ಬೆರಳಲ್ಲಿ ಸವರಿ ನೋಡುತ್ತಿದ್ದರು. "ಬಲ್ಬು ಮಂಕಾಗಿದೆ, ಬದಲಾಯಿಸಿ" ಅಂದರು. ಆ ಬಲ್ಬನ್ನು ಹಿಂದಿನ ದಿನವಷ್ಟೇ ನಾನು ಹಾಕಿದ್ದೆ.

ಅರಸೀಕೆರೆ ಅತ್ತೆ: ನಮ್ಮ ಪಕ್ಕದ ಮನೆಯವರಿಗೆ ಎರಡು ವರ್ಷಕ್ಕೆ ಮತ್ತೆ ಬಂತಲ್ಲೇ?

ನಾನು: ಪೊರೆ ಮತ್ತೆ ಬರುವುದಿಲ್ಲ ಅತ್ತೆ. ಹಳೇ ಮಸೂರದ ತೆಳು ಹೊರಚೀಲವನ್ನು ಒಳಗೇ ಉಳಿಸಿ ಅದರಲ್ಲೇ ಹೊಸದನ್ನು ಕೂರಿಸುತ್ತಾರೆ. ಆ ಚೀಲದ ಹಿಂಭಾಗ ಕೆಲವರಿಗೆ ಮಬ್ಬಾಗುತ್ತದೆ. ಯಾಗ್ ಅನ್ನುವ ಲೇಸರ್ ಹಾಕಿದರೆ ಸರಿಹೋಗುತ್ತದೆ, ಕೆಲವೇ ನಿಮಿಷದ ಕೆಲಸ.

(ಅರ್ಧ ಗಂಟೆ ಯಾರೂ ಏನೂ ಬರೆಯಲಿಲ್ಲ.)

ದೊಡ್ಡಪ್ಪ: ಅವರೆಕಾಳಿನ ವಿಷಯ ಅಮ್ಮ ನನಗೆ ಹೇಳೇ ಇಲ್ಲ. ಬುಧವಾರ ಹಾಸನಕ್ಕೆ ಕರೆದುಕೊಂಡು ಬರುತ್ತೇನೆ. ಖಾಲಿ ಹೊಟ್ಟೆಯಲ್ಲಿ ಬರಬೇಕಾ?

ನಾನು: ಬೇಡ, ತಿಂಡಿ ತಿಂದು, ಮಾತ್ರೆ ತಗೊಂಡೇ ಬನ್ನಿ. ಅವತ್ತು ಬರೀ ಪರೀಕ್ಷೆ. ಅಕ್ಷರ ಓದಿಸುತ್ತಾರೆ, ಒತ್ತಡ ಅಳೆಯುತ್ತಾರೆ. ಹನಿ ಹಾಕಿ ಪಾಪೆ ಅಗಲ ಮಾಡಿ ಸ್ಲಿಟ್ ಲ್ಯಾಂಪ್ ಅನ್ನುವ ದೀಪದ ಸೂಕ್ಷ್ಮದರ್ಶಕದಲ್ಲಿ ಮಸೂರ ನೋಡುತ್ತಾರೆ. ಕಣ್ಣಿನ ಹಿಂಭಾಗದ ಪರದೆ, ರೆಟಿನಾ, ಅದನ್ನೂ ನೋಡಿ ಅಂತ ನಾನೇ ಕೇಳುತ್ತೇನೆ, ಶುಗರ್‌ನಿಂದ ಅಲ್ಲಿಯೂ ತೊಂದರೆ ಇರಬಹುದು. ಹನಿ ಹಾಕಿದ ಮೇಲೆ ನಾಲ್ಕೈದು ಗಂಟೆ ಎಲ್ಲ ಮಂಜು ಮಂಜು, ಬಿಸಿಲು ಚುಚ್ಚುತ್ತದೆ. ವಾಪಸ್ ಬಸ್ ಹತ್ತಿಸುವಾಗ ಅಜ್ಜಿಯ ಕೈ ಬಿಡಬೇಡಿ. ಮಾತ್ರೆ ಚೀಟಿ ಮರೆಯದೆ ತನ್ನಿ.