ಪದಚರ್ಚೆ: ‘ಬ್ಯಾಕ್‌ಗ್ರೌಂಡ್ ಕ್ವೇಸಾರ್’ಗೆ ಕನ್ನಡದಲ್ಲಿ ಏನನ್ನೋಣ?

ವಿಜ್ಞಾನ ಪ್ರದರ್ಶನದ ಫಲಕ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಆಕಾಶದಲ್ಲಿ ಒತ್ತೊತ್ತಾಗಿ ಕಾಣುವ ಎರಡು ಕ್ವೇಸಾರ್ (ದೂರದ ಗೆಲಾಕ್ಸಿಯ ನಡುವೆ ಭಾರೀ ಕಪ್ಪುಕುಳಿಯ ಸುತ್ತಲಿನ ಪ್ರಖರ ಹೊಳಪು). ಒಂದು ಇನ್ನೊಂದಕ್ಕಿಂತ ಬಹಳ ದೂರ. ದೂರದ್ದರ ಬೆಳಕು ಹತ್ತಿರದ್ದರ ಸುತ್ತಲಿನ ಅನಿಲವನ್ನು ಹಾಯ್ದು ಬರುತ್ತದೆ, ರೋಹಿತದ (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ) ಕಪ್ಪು ಗೆರೆಗಳಿಂದ ಅನಿಲವನ್ನು ಅಳೆಯುತ್ತಾರೆ. ಖಗೋಳವಿಜ್ಞಾನಿಗಳಾದ ಹೆನ್ನಾವಿ, ಪ್ರೊಚಾಸ್ಕ 2006ರಿಂದ ಪ್ರಕಟಿಸಿದ ಕೆಲಸ. ಈಗಿನ ಕರಡು: ‘ಹಿಂದಿನ ಕ್ವೇಸಾರ್‌ನ ಬೆಳಕನ್ನು ಮುಂದಿನ ಕ್ವೇಸಾರ್‌ನ ಅನಿಲ ಅವಶೋಷಿಸುತ್ತದೆ.’ ತಲೆಬರಹ ‘ಜೋಡಿ ಕ್ವೇಸಾರ್’. ನಡೆಯುತ್ತದೆಯೇ?

ಮರು:
ನಡೆಯುವುದಿಲ್ಲ. ‘ಹಿಂದಿನ ಮುಖ್ಯಮಂತ್ರಿ’ ಅಂದರೆ ಮಾಜಿ. ‘ಮುಂದಿನ’ ಅಂದರೆ ಇನ್ನೂ ಬರಬೇಕಾದದ್ದು. ಹಿನ್ನೆಲೆ, ಮುನ್ನೆಲೆ ಎನ್ನಿ. ‘ಜೋಡಿ’ ಬೇಡ, ಇವಕ್ಕೆ ಪರಸ್ಪರ ನಂಟಿಲ್ಲ. ‘ಅವಳಿ’ಯೂ ಬೇಡ: 1979ರಲ್ಲಿ ಸಿಕ್ಕ ಅವಳಿ ಕ್ವೇಸಾರ್ ಗುರುತ್ವ ಮಸೂರ (ನಡುವಿನ ಗೆಲಾಕ್ಸಿಯ ಸೆಳೆತ ಬೆಳಕನ್ನು ಬಾಗಿಸುವುದು) ತೋರಿಸಿದ ಒಂದೇ ಕ್ವೇಸಾರ್‌ನ ಎರಡು ಬಿಂಬ.

ಮರು:
‘ಹಿನ್ನೆಲೆ’ ಒಪ್ಪೆ. ಹಿನ್ನೆಲೆ ವಿಕಿರಣ ಎಲ್ಲ ದಿಕ್ಕಿನಿಂದ ಬರುವಂಥದ್ದು, ಇದು ಒಂದು ಚುಕ್ಕಿ. ಆಚೆಯ ಕ್ವೇಸಾರ್, ಈಚೆಯ ಕ್ವೇಸಾರ್: ನೋಡುವವರು ನಿಂತ ಕಡೆಯಿಂದ ಅಳೆದ ಮಾತು. ‘ಈಚೆಗೆ’ಯಲ್ಲಿ ಕಾಲವೂ ಇದೆ; ಹತ್ತಿರದ್ದರ ಬೆಳಕು ಹೊರಟದ್ದೂ ಈಚೆಗೇ. ಅವಶೋಷಣೆ ಕಿತ್ತುಹಾಕಿ. ಶುಷ್ ಧಾತು, ‘ಶುಷ್ಕ’ದ ಬಳಗ. ಬೆಳಕು ಒಣಗುವುದಿಲ್ಲ. ಆ ಕಪ್ಪು ಗೆರೆಗೆ ಹೀರುಗೆರೆ ಎನ್ನಿ.

ಮರು:
ಬೆಂಗಳೂರಿನಲ್ಲಿ ‘ಆಚೆ’ ಅಂದರೆ ಮನೆಯ ಹೊರಗೆ. ಧಾತು ನೋಡಿ ಪದ ಕಟ್ಟುವುದಾದರೆ ‘ಹೀರು’ ಕೂಡ ನಿಲ್ಲದು: 121.6 ನ್ಯಾನೋಮೀಟರಿನ ಬೆಳಕನ್ನು ತಟಸ್ಥ ಜಲಜನಕ ಇಟ್ಟುಕೊಳ್ಳುವುದಿಲ್ಲ, ಬೇರೆ ದಿಕ್ಕುಗಳಿಗೆ ಚದುರಿಸುತ್ತದೆ. ‘ಅನಿಲ’ವೂ ಸಂಸ್ಕೃತದ ಗಾಳಿಯೇ, ಬಿಡುತ್ತೀರಾ? ‘ಕ್ವೇಸಾರ್’ ಖಭೌತವಿಜ್ಞಾನಿ ಹಾಂಗ್-ಯೀ ಚಿಯು 1964ರಲ್ಲಿ ‘ಕ್ವೇಸೈ-ಸ್ಟೆಲ್ಲರ್’ ಅನ್ನು ಕತ್ತರಿಸಿ ಕಟ್ಟಿದ ಪದ; ಅದನ್ನು ಇಡಿಯಾಗಿ ತಂದುಕೊಂಡ ಮೇಲೆ ಮಿಕ್ಕವಕ್ಕೆ ಮಡಿ ಏಕೆ?

ಮರು:
ಪದಕ್ಕಿಂತ ಮೊದಲು ವಾಕ್ಯ ತಿದ್ದಿ. ‘ಕ್ವೇಸಾರ್‌ನ ಅನಿಲ’ ತಪ್ಪು. ಅನಿಲ ಇರುವುದು ಅದನ್ನು ಹೊತ್ತ ಗೆಲಾಕ್ಸಿಯ ಸುತ್ತ. ಕೆಂಪು ಪಲ್ಲಟ (ವಿಶ್ವ ಹಿಗ್ಗಿದಂತೆ ಬೆಳಕಿನ ಅಲೆ ಎಷ್ಟು ಉದ್ದವಾಯಿತೆಂಬ ಅಳತೆ; ದೂರದ್ದಕ್ಕೆ ಹೆಚ್ಚು) 2ರಲ್ಲಿ 10 ಆರ್ಕ್‌ಸೆಕೆಂಡಿನ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ರಲ್ಲೊಂದು ಪಾಲು) ಅಂತರ ಅಂದರೆ ಸುಮಾರು 2.8 ಲಕ್ಷ ಜ್ಯೋತಿರ್ವರ್ಷ. ಜಲಜನಕದ ಆ 121.6ರ ಗೆರೆ ಅಲ್ಲಿಂದ 365 ನ್ಯಾನೋಮೀಟರಿಗೆ ಸರಿದು ಬರುತ್ತದೆ, ಪಲ್ಲಟ 1.6ಕ್ಕಿಂತ ಕಡಿಮೆಯಾದರೆ ಓಜೋನ್ ನುಂಗುತ್ತದೆ, ನೆಲದ ದೂರದರ್ಶಕಕ್ಕೆ ಸಿಗದು. ಗೆರೆ ಕಂಡಕೂಡಲೇ ‘ಇದರದೇ ಅನಿಲ’ ಎನ್ನಬೇಡಿ. ಈಚೆಯದರ ಪಲ್ಲಟವನ್ನು ಅದೇ ಸೂಸುವ ಇಂಗಾಲದ ಅಗಲ ಗೆರೆಯಿಂದ ತೆಗೆದರೆ ಸೆಕೆಂಡಿಗೆ 500 ಕಿ.ಮೀ. ತಪ್ಪುವುದು ಮಾಮೂಲು. ದೂರಕ್ಕೆ ತಿರುಗಿಸಿದರೆ ಅದು ಸುಮಾರು 80 ಲಕ್ಷ ಜ್ಯೋತಿರ್ವರ್ಷ! ಮೆಗ್ನೀಸಿಯಂ ಗೆರೆ ಮೇಲು.

ಮರು:
ಹೀಗೆ ಕಳಿಸುತ್ತಿದ್ದೇನೆ: ‘ಈಚೆಯ ಕ್ವೇಸಾರ್ ಇರುವ ಗೆಲಾಕ್ಸಿಯ ಸುತ್ತಲಿನ ಅನಿಲವನ್ನು ಆಚೆಯ ಕ್ವೇಸಾರ್‌ನ ಬೆಳಕು ಹಾಯ್ದಾಗ ಮೂಡುವ ಹೀರಿಕೆಯ ಗೆರೆಗಳು.’

ಮರು:
‘ಹೀರಿಕೆಯ’ ಬೇಡ. ಹುರಿಗಡಲೆ ಎನ್ನುತ್ತೇವೆ, ಹುರಿಯುವಿಕೆಯ ಕಡಲೆ ಎನ್ನುವುದಿಲ್ಲ. ಹೀರುಗೆರೆ, ಒಂದೇ ಪದ.