ಪದಚರ್ಚೆ: ದಹನಶೀಲ, ಜ್ವಲನಶೀಲ, ಉತ್ಕರ್ಷಕ – ವಿಮಾನದ ಸರಕಿಗೆ ಯಾವ ಪದ?

ವಿಮಾನದಲ್ಲಿ ಸಾಗುವ ಅಪಾಯಕಾರಿ ವಸ್ತುಗಳ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಸಿದ್ಧಪಡಿಸುತ್ತಿದ್ದೇನೆ. ಓದುವವರು ಸರಕು ವಿಭಾಗದಲ್ಲಿ ಪೆಟ್ಟಿಗೆ ಎತ್ತಿ ಇಳಿಸುವ ಕೆಲಸಗಾರರು. ವಿಶ್ವಸಂಸ್ಥೆಯ ಪದ್ಧತಿಯಂತೆ ಈ ವಸ್ತುಗಳಲ್ಲಿ 9 ವರ್ಗಗಳಿವೆ. ಸ್ಫೋಟಕ, ಅನಿಲ, ವಿಷಕಾರಿ, ಸೋಂಕುಕಾರಕ, ವಿಕಿರಣಶೀಲ ಎಂಬ ಪದಗಳು ಎಲ್ಲರಿಗೂ ಪರಿಚಿತ. ಅವುಗಳ ಬಗ್ಗೆ ನನಗೆ ತಕರಾರಿಲ್ಲ. ಬೆಂಕಿಗೆ ಸಂಬಂಧಪಟ್ಟ ಪದಗಳಲ್ಲಿ ಮಾತ್ರ ದಾರಿ ಕಾಣದೆ ನಿಮ್ಮನ್ನು ಕೇಳುತ್ತಿದ್ದೇನೆ.

3ನೇ ವರ್ಗ ಬೇಗ ಹೊತ್ತಿಕೊಳ್ಳುವ ದ್ರವಗಳದ್ದು: ಪೆಟ್ರೋಲ್, ಗೋಡೆಗೆ ಬಳಿಯುವ ಕೆಲವು ಬಣ್ಣಗಳು, ಅತ್ತರು. 4ನೇ ವರ್ಗದಲ್ಲಿ ಮೂರು ವಿಭಾಗಗಳಿವೆ. 4.1ರಲ್ಲಿ ಬರುವ ಘನವಸ್ತು ಕಿಡಿ ಸೋಕಿದರೆ ಅಥವಾ ಉಜ್ಜಿದರೆ ಹೊತ್ತಿಕೊಳ್ಳುತ್ತದೆ. ಬೆಂಕಿಕಡ್ಡಿ ಇಲ್ಲಿದೆ, ಕೃತಕ ಕರ್ಪೂರವೂ ಇಲ್ಲೇ ಇದೆ. 4.2ರ ವಸ್ತುವಿಗೆ ಹೊರಗಿನ ಕಿಡಿ ಬೇಕಿಲ್ಲ. ಬಿಳಿ ರಂಜಕಕ್ಕೆ ಗಾಳಿ ತಾಗಿದರೆ ಸಾಕು. 4.3ರ ವಸ್ತು ನೀರು ತಾಗಿದರೆ ಉರಿಯುವ ಅನಿಲವನ್ನು ಬಿಡುತ್ತದೆ, ಸೋಡಿಯಂ ಅಂಥದ್ದು. ಶಾಲೆಯ ಪ್ರಯೋಗಾಲಯದಲ್ಲಿ ರಂಜಕವನ್ನು ನೀರಿನಲ್ಲೂ ಸೋಡಿಯಂ ಅನ್ನು ಸೀಮೆಎಣ್ಣೆಯಲ್ಲೂ ಇಡುತ್ತಿದ್ದುದು ಇದೇ ಕಾರಣಕ್ಕೆ. ಒಂದನ್ನು ಕಾಯುವ ನೀರು ಇನ್ನೊಂದಕ್ಕೆ ಬೆಂಕಿ.

ಕನ್ನಡದಲ್ಲಿ ಈ ನಾಲ್ಕಕ್ಕೂ ನನಗೆ ಸಿಗುತ್ತಿರುವುದು ದಹನಶೀಲ, ಜ್ವಲನಶೀಲ, ದಹ್ಯ ಎಂಬ ಮೂರು ಪದಗಳು. ಮೂರನ್ನೂ ಒಂದರ ಬದಲು ಇನ್ನೊಂದಾಗಿ ಬಳಸುವುದನ್ನು ಕಾಣುತ್ತೇನೆ. ಸೌದೆಯೂ ದಹ್ಯವೇ, ಆದರೆ ಅದು ವಿಮಾನಯಾನದ ಅಪಾಯಕಾರಿ ಪಟ್ಟಿಯಲ್ಲಿಲ್ಲ. ಉರಿಯಬಲ್ಲದ್ದು ಎಂಬುದಕ್ಕಿಂತ ಹೇಗೆ ಹೊತ್ತಿಕೊಳ್ಳುತ್ತದೆ ಎಂಬುದೇ ಇಲ್ಲಿ ಮುಖ್ಯ. ಅಂಟಿಸುವ ಚೀಟಿಗಳು ಈ ವ್ಯತ್ಯಾಸವನ್ನು ಬಣ್ಣದಲ್ಲೇ ತೋರಿಸುತ್ತವೆ: 4.1ಕ್ಕೆ ಬಿಳಿಯ ಮೇಲೆ ಕೆಂಪು ಉದ್ದಗೆರೆಗಳು, 4.2ಕ್ಕೆ ಮೇಲರ್ಧ ಬಿಳಿ ಕೆಳಗರ್ಧ ಕೆಂಪು, 4.3ಕ್ಕೆ ನೀಲಿ. ಬಣ್ಣ ಹೇಳುವುದನ್ನು ನಮ್ಮ ಪದಗಳೂ ಹೇಳಬೇಕು.

ಕನ್ನಡದ ಕ್ರಿಯಾಪದಗಳಲ್ಲಿ ಇದಕ್ಕೆ ಬೇಕಾದ ಸಂಪತ್ತು ಇದೆ ಎಂಬುದು ನನ್ನ ನಂಬಿಕೆ. ಹೊತ್ತಿಕೊಳ್ಳುವುದು ಆರಂಭ, ಉರಿಯುವುದು ಮುಂದಿನ ಹಂತ, ಕಾವೇರುವುದು ಇವೆರಡಕ್ಕೂ ಮೊದಲಿನ ಸ್ಥಿತಿ. 4.1ಕ್ಕೆ ‘ಕಿಡಿಗೆ ಹೊತ್ತಿಕೊಳ್ಳುವ ಘನ’, 4.2ಕ್ಕೆ ‘ತಾನಾಗಿ ಹೊತ್ತಿಕೊಳ್ಳುವ ವಸ್ತು’, 4.3ಕ್ಕೆ ‘ನೀರು ತಾಗಿದರೆ ಅಪಾಯ’ ಎಂದು ಬರೆದಿದ್ದೇನೆ. ಉದ್ದವಾಯಿತು ಎಂಬ ಆಕ್ಷೇಪ ಬರಬಹುದು. ಪದ ಗಿಡ್ಡವಾಗಿದ್ದು ಅರ್ಥ ಮಸುಕಾಗುವುದಕ್ಕಿಂತ ಇದು ವಾಸಿ. ಆದರೂ ನಿಮ್ಮಲ್ಲಿ ಯಾರಿಗಾದರೂ ಚಿಕ್ಕದೂ ಸ್ಪಷ್ಟವೂ ಆದ ರೂಪ ಹೊಳೆದರೆ ತಿಳಿಸಿ.

5.1ರ ಸಮಸ್ಯೆ ಬೇರೆ. ಪಠ್ಯಪುಸ್ತಕದ ಪದ ‘ಉತ್ಕರ್ಷಕ’. ರಸಾಯನಶಾಸ್ತ್ರ ಓದಿದವರಿಗೆ ಅದು ಸರಿ. ಉಳಿದವರಿಗೆ ಉತ್ಕರ್ಷವೆಂದರೆ ಏಳಿಗೆ. ಹಳದಿ ಚೀಟಿಯ ಪೆಟ್ಟಿಗೆಯ ಮೇಲೆ ಆ ಪದವನ್ನು ಓದಿದವನಿಗೆ ಎಚ್ಚರ ಮೂಡುವುದಾದರೂ ಹೇಗೆ? ಇದು ತಾನು ಉರಿಯಲೇಬೇಕೆಂದಿಲ್ಲ, ಬೇರೆಯದರ ಬೆಂಕಿಗೆ ಆಮ್ಲಜನಕ ಊಡುತ್ತದೆ. ‘ಉರಿಗೆ ಬಲ ಕೊಡುವ ವಸ್ತು’ ಎಂದರೆ ಹೇಗೆ?

ಈ ವರ್ಗದ ಜೊತೆಗೇ ಬರುವ ಇನ್ನೊಂದು ಪದ ನನ್ನನ್ನು ಹೆಚ್ಚು ಕಾಡುತ್ತಿದೆ: ‘ಮುಗಿದ’. 1996ರ ಮೇ 11ರಂದು ಅಮೆರಿಕದ ಮಯಾಮಿಯಿಂದ ಅಟ್ಲಾಂಟಾಕ್ಕೆ ಹೊರಟ ವ್ಯಾಲ್ಯೂಜೆಟ್ 592 ವಿಮಾನ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬಿತ್ತು. ಅದರಲ್ಲಿದ್ದ 110 ಜನರೂ ಸತ್ತರು. ಮುಂಭಾಗದ ಸರಕು ಕೋಣೆಯಲ್ಲಿ ಹಳೆಯ ವಿಮಾನಗಳಿಂದ ಬಿಚ್ಚಿದ ರಾಸಾಯನಿಕ ಆಮ್ಲಜನಕ ಉತ್ಪಾದಕಗಳಿದ್ದವು, ಅಂದರೆ ತುರ್ತಿನಲ್ಲಿ ಪ್ರಯಾಣಿಕರ ಮುಖವಾಡಕ್ಕೆ ಆಮ್ಲಜನಕ ಕೊಡುವ, ಕೊಡುವಾಗ ತುಂಬಾ ಕಾಯುವ ಡಬ್ಬಿಗಳು. ಅವುಗಳ ಬಳಕೆಯ ಅವಧಿ ಮುಗಿದಿತ್ತು, ಒಳಗಿನ ರಾಸಾಯನಿಕ ಮುಗಿದಿರಲಿಲ್ಲ. ಕಾಗದದಲ್ಲಿ ಮಾತ್ರ ‘ಖಾಲಿ’ ಎಂದಿತ್ತು. ಸುರಕ್ಷತೆಯ ಮುಚ್ಚಳಗಳನ್ನೂ ಹಾಕಿರಲಿಲ್ಲ. ಗಾಳಿ ಸಿಗದೆ ಬೆಂಕಿ ತಾನಾಗಿ ಆರಲಿ ಎಂದು ಆ ಕೋಣೆಯನ್ನು ಬಿಗಿಯಾಗಿ ರೂಪಿಸಿದ್ದರು. ಕಾದು ಬೆಂಕಿ ಹತ್ತಿಸಿದ ಉತ್ಪಾದಕಗಳೇ ಅದಕ್ಕೆ ಆಮ್ಲಜನಕವನ್ನೂ ಒದಗಿಸಿದವು.

ಕನ್ನಡದಲ್ಲಿ ‘ಮುಗಿದ ಸಿಲಿಂಡರ್’ ಎಂದರೆ ಅವಧಿ ಮುಗಿದದ್ದೋ ಒಳಗಿನದು ಮುಗಿದದ್ದೋ ತಿಳಿಯುವುದಿಲ್ಲ. ಹಾಗಾಗಿ ಕೈಪಿಡಿಯಲ್ಲಿ ‘ಅವಧಿ ಮೀರಿದ’, ‘ಒಳಗಿನದು ತೀರಿದ’ ಎಂದು ಬೇರ್ಪಡಿಸಿದ್ದೇನೆ. ‘ಖಾಲಿ’ ಎಂಬ ಪದಕ್ಕೂ ಒಂದು ಅಂಕೆ ಬೇಕು. ಅಪಾಯಕಾರಿ ವಸ್ತು ತುಂಬಿದ್ದ ಡಬ್ಬವನ್ನು ಬರಿದು ಮಾಡಿದರೆ ಸಾಲದು. ತೊಳೆದು ಉಳಿಕೆ, ಆವಿ ಏನೂ ಇಲ್ಲದಂತೆ ಮಾಡುವವರೆಗೆ ನಿಯಮದ ಕಣ್ಣಿನಲ್ಲಿ ಅದು ಅಪಾಯಕಾರಿಯೇ. ‘ಖಾಲಿ, ತೊಳೆದಿಲ್ಲ’ ಎಂದು ಪೂರ್ತಿ ಬರೆಯಿಸುವುದು ನನ್ನ ಸಲಹೆ.

ಒಟ್ಟು ಗುಂಪಿನ ಹೆಸರಿನಲ್ಲೂ ಗೊಂದಲವಿದೆ. ಕೆಲವರು ‘ನಿಷೇಧಿತ ವಸ್ತುಗಳು’ ಎಂದು ಬರೆಯುತ್ತಾರೆ. ಅದು ತಪ್ಪು. ಸರಿಯಾಗಿ ವರ್ಗೀಕರಿಸಿ, ಸಾಗಣೆಯ ನಿಗದಿತ ಹೆಸರು ಹಾಗೂ ವಿಶ್ವಸಂಸ್ಥೆಯ ಸಂಖ್ಯೆ ನಮೂದಿಸಿ, ಹೇಳಿದಂತೆ ಕಟ್ಟಿ, ಚೀಟಿ ಅಂಟಿಸಿದರೆ ಇವುಗಳಲ್ಲಿ ಬಹುಪಾಲು ಸಾಗುತ್ತವೆ, ನಿಯಮಗಳಿರುವುದೇ ಸಾಗಿಸುವುದಕ್ಕಾಗಿ. ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನೇ ನೋಡಿ. 3480 ಸಂಖ್ಯೆಯ ಈ ಸರಕು 2016ರ ಏಪ್ರಿಲ್‌ನಿಂದ ಪ್ರಯಾಣಿಕ ವಿಮಾನದ ಸರಕು ಕೋಣೆಗೆ ನಿಷಿದ್ಧ. ಶೇ 30ಕ್ಕಿಂತ ಹೆಚ್ಚು ಚಾರ್ಜ್ ಇರದಂತೆ ಕಟ್ಟಿದರೆ ಸರಕು ವಿಮಾನದಲ್ಲಿ ಹೋಗುತ್ತದೆ. ಪ್ರಯಾಣಿಕರ ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ ಇರಬೇಕು. ಎಲ್ಲಿ, ಹೇಗೆ, ಎಷ್ಟು ಎಂಬ ಪ್ರಶ್ನೆಗಳನ್ನೆಲ್ಲ ‘ನಿಷೇಧಿತ’ ಎಂಬ ಪದ ಮುಚ್ಚಿಬಿಡುತ್ತದೆ. ಎಲ್ಲವೂ ನಿಷಿದ್ಧ ಎಂದುಕೊಂಡವನು ಬಚ್ಚಿಟ್ಟು ಕಳಿಸುತ್ತಾನೆ. ಹೇಳದೆ ಕಳಿಸಿದ ಪೆಟ್ಟಿಗೆಯೇ ಎಲ್ಲಕ್ಕಿಂತ ಅಪಾಯ. ‘ಅಪಾಯಕಾರಿ ಸರಕು’ ಎಂಬುದೂ ಪೂರ್ತಿ ಒಗ್ಗುವುದಿಲ್ಲ, ಪ್ರಯಾಣಿಕರ ಚೀಲದಲ್ಲಿರುವುದು ಸರಕಲ್ಲ. ಹಾಗಾಗಿ ‘ಅಪಾಯಕಾರಿ ವಸ್ತು’ ಎಂದೇ ಇಟ್ಟುಕೊಂಡಿದ್ದೇನೆ.

ಕೊನೆಯ ಪ್ರಶ್ನೆ ಕೊಬ್ಬರಿಯದು. ಒಣಕೊಬ್ಬರಿ 1363 ಸಂಖ್ಯೆಯಡಿ 4.2ರಲ್ಲಿದೆ. ಅದರ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕಾವು ಹುಟ್ಟುತ್ತದೆ; ರಾಶಿಯಲ್ಲಿ ಆ ಕಾವು ಹೊರಹೋಗಲಾರದೆ ಏರುತ್ತದೆ. ಕರ್ಪೂರ 4.1, ಕೊಬ್ಬರಿ 4.2 ಎಂದು ತಿಳಿದವರು ಇಬ್ಭಾಗವಾದ ಕೆಂಪುಬಿಳಿ ಚೀಟಿಯನ್ನು ಮರೆಯುವುದಿಲ್ಲ. ಹಡಗು, ವಿಮಾನಗಳ ಪಟ್ಟಿಯಲ್ಲಿರುವ ‘ಕೊಪ್ರಾ’ ಎಂಬ ಹೆಸರೂ ಮಲಯಾಳದ ಕೊಪ್ಪರದಿಂದ ಪೋರ್ಚುಗೀಸರ ಬಾಯಲ್ಲಿ ಹೊರಟದ್ದು, ನಮ್ಮ ಕೊಬ್ಬರಿಯ ಸೋದರ. ತೊಡಕು ಇರುವುದು ಬಳಕೆಯಲ್ಲಿ. ಕೆಲವೆಡೆ ಕೊಬ್ಬರಿಯೆಂದರೆ ಒಣಗಿದ್ದೇ. ಉತ್ತರ ಕರ್ನಾಟಕದ ಗೆಳೆಯರು ‘ಹಸಿ ಕೊಬ್ಬರಿ’ ಎಂದೂ ಹೇಳುತ್ತಾರೆ. ನಿಯಮಕ್ಕೆ ಸಂಬಂಧಪಟ್ಟದ್ದು ಒಣಗಿದ್ದು ಮಾತ್ರ. ‘ಒಣಕೊಬ್ಬರಿ’ ಎಂದರೆ ಗಿಟುಕು, ಹೋಳು, ತುರಿ ಎಲ್ಲವೂ ಸೇರಿತೆಂದು ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರಿಗೂ ಅರ್ಥವಾಗುತ್ತದೆಯೇ? ತಿಪಟೂರು, ಅರಸೀಕೆರೆ ಕಡೆಯವರು ಮತ್ತು ಕರಾವಳಿಯವರು ತಮ್ಮ ಊರಿನ ಬಳಕೆಯನ್ನು ದಯವಿಟ್ಟು ತಿಳಿಸಿ.